ದೇವಿಮನೆ ಘಟ್ಟದಲ್ಲಿ ಕಿತ್ತುಬಂದ ಬ್ರೇಕ್ ಲೈನರ್

ಶಿರಸಿಯಿಂದ ಕುಮಟೆಗೆ ಬೈಕಿನಲ್ಲಿ ಘಟ್ಟ ಇಳಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮಾರಿಕಾಂಬಾ ಜಾತ್ರೆಗೆ ಮುಂಚೆ ನನ್ನ 125 ಸಿಸಿ ಬೈಕಿನ ಹಿಂದಿನ ಚಕ್ರಕ್ಕೆ ಹೊಸ ಬ್ರೇಕ್ ಶೂ ಹಾಕಿಸಿದೆ. ಚಕ್ರದ ನಡುವಿನ ಡ್ರಮ್ಮಿನೊಳಗೆ ಒತ್ತಿಕೊಂಡು ಚಕ್ರ ನಿಲ್ಲಿಸುವ ಬಾಗಿದ ಲೋಹದ ತುಂಡೇ ಶೂ, ಅದರ ಮೇಲೆ ಅಂಟಿಸಿದ ಪಟ್ಟಿಯೇ ಲೈನರ್. ಅಂಗಡಿಯವರು ಎರಡು ಡಬ್ಬಿ ಮುಂದಿಟ್ಟು, "ಎರಡೂ ಒಂದೇ ಮಾಲು, ಬರೀ ಹೆಸರಿಗೆ ಯಾಕೆ ದುಡ್ಡು ಕೊಡ್ತ್ರಿ?" ಎಂದರು. ಅರ್ಧ ಬೆಲೆಯದನ್ನು ತಂದೆ. ಮೂರು ವಾರ ಪೇಟೆಯೊಳಗೆ ಓಡಿಸಿದೆ, ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು.

ಜಾತ್ರೆ ಮುಗಿದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಕುಮಟೆಗೆ ಹೊರಟೆ. ದೇವಿಮನೆ ದಾಟಿ ನಾಲ್ಕೈದು ತಿರುವು ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದೆ. ಒಳಗೆ ಕಟಕ್ ಎಂದಿತು, ಹಿಂದಿನ ಚಕ್ರ ಗಪ್ಪನೆ ಕಚ್ಚಿಕೊಂಡು ಬೈಕು ಅಡ್ಡಡ್ಡ ಜಾರಿಬಿತ್ತು. ಆಗ ಎದುರಿನಿಂದ ಲಾರಿ ಬರಲಿಲ್ಲ. ಅವಳ ಮೊಣಕೈ ಚರ್ಮ ಸುಲಿದುಹೋಗಿ ರಕ್ತ ಸುರಿಯುತ್ತಿತ್ತು.

ಬೈಕನ್ನು ಪಿಕಪ್ಪಿಗೆ ಹಾಕಿ ಕತಗಾಲಕ್ಕೆ ತಂದೆವು. ಚಕ್ರ ಬಿಚ್ಚಿದರೆ ಲೈನರ್ ಹಂಚಿನ ಚೂರಿನ ಹಾಗೆ ಡ್ರಮ್ಮಿನೊಳಗೆ ಸಿಕ್ಕಿಕೊಂಡಿತ್ತು. ಶೂ ಮೇಲೆ ಅಂಟು ಇದ್ದದ್ದು ಎರಡು ಅಂಚಿಗೆ ಮಾತ್ರ, ನಡುವೆ ಅಲ್ಯೂಮಿನಿಯಂ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. "ಬಿಸಿಗೆ ಅಂಟು ಬಿಟ್ಟಿದ್ದು ಅಣ್ಣಾ. ಪೇಟೆಲಿ ಓಡಿಸಿದ್ರೆ ಇದು ಗೊತ್ತಾಗೂದಿಲ್ಲ" ಎಂದ ಮೆಕ್ಯಾನಿಕ್. ಪೇಟೆಯಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಡ್ರಮ್ ಆರುತ್ತದೆ. ಘಟ್ಟದಲ್ಲಿ ಕಾಲು ಪೆಡಲ್ ಮೇಲೇ ಇರುತ್ತದೆ, ಬಿಸಿಯೆಲ್ಲ ಒಳಗೇ ಉಳಿಯುತ್ತದೆ. ಬ್ರೇಕ್ ಆರ್ಮ್ (ಪೆಡಲ್ ಒತ್ತಿದಾಗ ಡ್ರಮ್ಮಿನ ಹೊರಗೆ ತಿರುಗುವ ಸಣ್ಣ ಲೋಹದ ಕೈ) ಹತ್ತಿರದ ಬಾಣದ ಗುರುತನ್ನು ನಾನು ಹೊರಡುವ ಮೊದಲು ನೋಡಿದ್ದೆ, ಸರಿಯಾಗಿಯೇ ಇತ್ತು. ಅದು ಲೈನರ್ ಎಷ್ಟು ಸವೆದಿದೆ ಎಂದಷ್ಟೇ ಹೇಳುತ್ತದೆ, ಅಂಟಿನ ವಿಷಯ ಹೇಳುವುದಿಲ್ಲ.

ಬೈಕ್ ಕಂಪನಿಯ ಹೆಸರಿಲ್ಲದ ಹೊರಗಿನ ಮಾಲೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೈಕ್ ಕಂಪನಿಗಳಿಗೇ ಬಿಡಿಭಾಗ ಪೂರೈಸುವವರು ತಮ್ಮ ಹೆಸರಿನಲ್ಲೂ ಮಾರುತ್ತಾರೆ, ಅವು ಚೆನ್ನಾಗಿರುತ್ತವೆ. ಆದರೆ ಡಬ್ಬಿ ನೋಡಿ ನಂಬಬೇಡಿ, ಶೂ ಕೈಗೆ ತೆಗೆದುಕೊಳ್ಳಿ. ಲೈನರ್ ಮತ್ತು ಲೋಹ ಸೇರುವ ಗೆರೆಯ ಮೇಲೆ ಉಗುರು ಎಳೆಯಿರಿ. ಎಲ್ಲಾದರೂ ಸಂದು ಸಿಕ್ಕಿದರೆ ವಾಪಸು ಕೊಡಿ. ಹಳೆಯ ಶೂ ಒಯ್ದು ಪಕ್ಕದಲ್ಲಿಟ್ಟು ನೋಡಿ: ತೂಕ, ಸ್ಪ್ರಿಂಗ್ ಸಿಕ್ಕಿಸುವ ಜಾಗ, ಎರಕದ ನುಣುಪು. ನನ್ನದರ ಅಂಚು ಗರಗಸದಂತೆ ಒರಟಾಗಿತ್ತು, ಹಾಕಿಸುವಾಗ ನೋಡಿಯೂ ಸುಮ್ಮನಿದ್ದೆ. ಡಬ್ಬಿಯ ಮೇಲೆ ತಯಾರಕರ ವಿಳಾಸವೂ ಇರಲಿಲ್ಲ.

ಮರುದಿನ ಮುರಿದ ಚೂರು ಹಿಡಿದು ಅಂಗಡಿಗೆ ಹೋದೆ. "ಬಿಲ್ ಇದ್ಯಾ?" ಎಂದು ಕೇಳಿದರು. ನನ್ನ ಹತ್ತಿರ ಬಿಲ್ ಇರಲಿಲ್ಲ. ನೀವು ತಪ್ಪದೆ ಕೇಳಿ ತೆಗೆದುಕೊಳ್ಳಿ.