ಕೆಳಗಿನ ಮನೆಯಿಂದ ದೂರು ಬಂದಾಗ: ವಾಷಿಂಗ್ ಮಷಿನ್ ರಬ್ಬರ್ ಪ್ಯಾಡ್ ಹೇಗಿದೆ?

ಕಾರವಾರ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 380 ರೂಪಾಯಿ ಕೊಟ್ಟು ತಂದ ರಬ್ಬರ್ ಪ್ಯಾಡ್ ಬಗ್ಗೆ ಬರೆಯುತ್ತಿದ್ದೇನೆ. ವಾಷಿಂಗ್ ಮಷಿನ್ನಿನ ಕಾಲಿನ ಕೆಳಗೆ ಇಡುವಂಥದ್ದು. ಕಪ್ಪು ಬಣ್ಣ, ದುಂಡಗೆ, ಮಧ್ಯದಲ್ಲಿ ಕಾಲು ಕೂರಲು ಒಂದು ಗುಳಿ, ಅಡಿಯಲ್ಲಿ ಸಣ್ಣ ಸಣ್ಣ ಗೀರು. ನಾಲ್ಕರ ಸೆಟ್. ಬಾಡಿಗೆ ಮನೆಗೆ ಬಂದು ಸಾಮಾನು ಬಿಚ್ಚಿ ಮುಗಿಯುವ ಮುಂಚೆಯೇ ಅಕ್ಕಪಕ್ಕದವರಿಂದ ದೂರು ಕೇಳಿದವರಿಗೆ ಇದು ಉಪಯೋಗವಾಗಲಿ ಅಂತ ನನ್ನ ಆಸೆ. ಪ್ಯಾಡ್ ಚೆನ್ನಾಗಿದೆ, ತಗೊಳ್ಳಿ. ಆದರೆ ತಗೊಳ್ಳುವ ಮೊದಲು ದೂರು ಹೇಳಿದವರ ಮನೆಗೆ ಒಮ್ಮೆ ಹೋಗಿ, ಅವರಿಗೆ ಕೇಳುವುದನ್ನು ನೀವೂ ಕೇಳಿ ಬನ್ನಿ. ನಮ್ಮ ಸಮಸ್ಯೆ ಅರ್ಧ ಬಗೆಹರಿದದ್ದು ಅಲ್ಲೇ.

ನಾವು ಶಿರಸಿ ಕಡೆಯವರು. ನನಗೆ ಇಲ್ಲಿಗೆ ವರ್ಗವಾಯಿತು ಅಂತ ದೇವಿಮನೆ ಘಟ್ಟ ಇಳಿದು ಬಂದೆವು. ಕಾಜುಬಾಗ ಕಡೆ ಎರಡನೇ ಮಹಡಿಯಲ್ಲಿ ಮನೆ ಸಿಕ್ಕಿತು. ಊರಲ್ಲಿ ನಮ್ಮದು ತೋಟದ ಮಧ್ಯದ ಮನೆ. ಬೆಳಿಗ್ಗೆ ಐದಕ್ಕೆ ಕಾಯಿ ಒಡೆದರೂ, ರಾತ್ರಿ ಮಂಚ ಎಳೆದರೂ ಕೇಳುವವರು ಯಾರೂ ಇರಲಿಲ್ಲ. ಇಲ್ಲಿ ನಮ್ಮ ನೆಲದ ಕೆಳಗೆ ಇನ್ನೊಂದು ಸಂಸಾರ ಇದೆ, ಅಡುಗೆಮನೆಯ ಗೋಡೆಯಾಚೆ ಮತ್ತೊಂದು.

ಕೆಳಗಿನ ಮನೆಯವರು ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ. ಕಟ್ಟಡದಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಅವರೇ ಮೆಟ್ಟಿಲು ಹತ್ತಿ ಬಂದರು. ಮಂಡಿ ನೋವಿದೆ, ಬಾಗಿಲಲ್ಲಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹೇಳಿದರು: "ತಂಗಿ, ಬಂದ ಕೂಡ್ಲೇ ಹೇಳ್ತಾರೆ ಅಂತ ಬೇಜಾರು ಮಾಡ್ಕೊಬೇಡ. ನಿಮ್ಮ ಮಷಿನ್ ತಿರುಗಿದ್ರೆ ನಮ್ಮ ಶೋಕೇಸಿನ ಗ್ಲಾಸೆಲ್ಲ ಕಿಣಿಕಿಣಿ ಅಂತದೆ. ಏನಾದ್ರೂ ದಾರಿ ನೋಡು."

ಅದೇ ವಾರ ಮನೆ ಮಾಲೀಕರ ಫೋನು. ಪಕ್ಕದ ಮನೆಯವರು ಅವರಿಗೆ ಹೇಳಿದ್ದರಂತೆ, ಹೊಸಬರದು ಹಗಲೆಲ್ಲ ಸದ್ದು ಅಂತ. ಈ ಎರಡನೇ ದೂರು ನನಗೆ ಜಾಸ್ತಿ ನೋವು ಕೊಟ್ಟಿತು. ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಾಲ್ಕು ಹೆಜ್ಜೆ. ನೇರ ಬಂದು ಹೇಳಬಹುದಿತ್ತು ಅಲ್ವಾ? ಮಾಲೀಕರ ಬಾಯಿಂದ ಬಂದ ದೂರಿನಲ್ಲಿ ಯಾವ ಸದ್ದು, ಎಷ್ಟು ಹೊತ್ತಿಗೆ, ಯಾವ ಕೋಣೆಗೆ ಕೇಳುತ್ತದೆ ಅನ್ನುವುದೇ ಇರುವುದಿಲ್ಲ. ಬರೀ 'ಸದ್ದು' ಅಂದರೆ ಏನಂತ ಸರಿಮಾಡುವುದು? ಅಕ್ಕೋರ ಹಾಗೆ ಮುಖ ನೋಡಿ ಹೇಳುವವರು ನಮಗೆ ದೊಡ್ಡ ಉಪಕಾರ ಮಾಡುತ್ತಾರೆ. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಮರುದಿನ ಸಂಜೆ ಅಕ್ಕೋರ ಮನೆಯಲ್ಲಿ ಹೋಗಿ ಕೂತೆ. ಮೇಲೆ ನಮ್ಮವರು, ಕೈಯಲ್ಲಿ ಫೋನು. ನಾನು ಹೇಳಿದ್ದನ್ನು ಅವರು ಒಂದೊಂದಾಗಿ ಮಾಡಬೇಕು ಅಂತ ಮಾತಾಗಿತ್ತು. ಮೊದಲು ಟಿವಿ ಜೋರಾಗಿ ಹಾಕಿಸಿದೆ. ಕೆಳಗೆ ಏನೂ ಕೇಳಲಿಲ್ಲ. ಜೋರಾಗಿ ಮಾತಾಡಿಸಿದೆ, ಅದೂ ಕೇಳಲಿಲ್ಲ. ಆಮೇಲೆ ಮಷಿನ್ ಸ್ಪಿನ್. ಶೋಕೇಸಿನ ಮೇಲಿನ ಹಲಗೆಯಲ್ಲಿ ಸ್ಟೀಲ್ ಲೋಟಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದರು. ಅವು ಮೊದಲು ನಡುಗಿದವು, ನಂತರ ಗಾಜು. ಗೋಡೆಗೆ ಅಂಗೈ ಇಟ್ಟರೆ ಜುಮ್ ಅನ್ನುತ್ತಿತ್ತು. ಕಿವಿಗಿಂತ ಕೈಗೇ ಜಾಸ್ತಿ ಗೊತ್ತಾಗುತ್ತಿತ್ತು.

ಅದಕ್ಕೆ ಕಾರಣ ಇದೆ. ನಮ್ಮ ಮಷಿನ್ ಸ್ಪಿನ್ನಿನಲ್ಲಿ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 20. ನಮ್ಮ ಕಿವಿಗೆ ಕೇಳುವ ಸದ್ದು ಶುರುವಾಗುವುದೇ ಸುಮಾರು 20 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 20 ಕಂಪನದಿಂದ. ಹಾಗಾಗಿ ಅದು ಸದ್ದಾಗುವುದಕ್ಕಿಂತ ಜಾಸ್ತಿ ನಡುಕವಾಗಿ ಹೋಗುತ್ತದೆ. ಒಳಗೆ ಒದ್ದೆ ಬಟ್ಟೆ ಒಂದು ಕಡೆ ಗುಂಪಾದರೆ ಅದು ಇನ್ನೂ ಜೋರಾಗುತ್ತದೆ. ಮಾತು, ಟಿವಿ ಸದ್ದು ಗಾಳಿಯಲ್ಲಿ ಬರುವಂಥದ್ದು, ಅದನ್ನು ಕಾಂಕ್ರೀಟ್ ಸ್ಲ್ಯಾಬ್ ಸಾಕಷ್ಟು ತಡೆಯುತ್ತದೆ. ನೆಲಕ್ಕೇ ಬೀಳುವ ಪೆಟ್ಟು, ಎಳೆತ, ನಡುಕ ಹಾಗಲ್ಲ. ಅವು ಸ್ಲ್ಯಾಬನ್ನೇ ನಡುಗಿಸಿ ಕೆಳಗೆ ಹೋಗುತ್ತವೆ.

ಕೊನೆಗೆ ನಮ್ಮವರಿಗೆ ಊಟದ ಮೇಜಿನ ಕುರ್ಚಿ ಎಳೆಯಲು ಹೇಳಿದೆ. ಅಬ್ಬಾ! ತಲೆ ಮೇಲೆ ಯಾರೋ ಕಲ್ಲು ಕೊರೆದ ಹಾಗೆ ಕೇಳಿತು. ನಾನು ಬೆಚ್ಚಿ ಅಕ್ಕೋರ ಮುಖ ನೋಡಿದೆ. ಅವರು ಹೇಳಿದರು, "ಅದು ರಾತ್ರಿ ಹತ್ತಕ್ಕೂ ಉಂಟು, ಹನ್ನೊಂದಕ್ಕೂ ಉಂಟು. ಎಷ್ಟು ಅಂತ ಹೇಳೋದು, ಮಷಿನ್ನಿನದು ಒಂದೇ ಹೇಳಿದೆ." ಮಗನ ಕುಣಿತದ ಬಗ್ಗೆ ನಾನೇ ಕೇಳಿದೆ. "ಮಕ್ಕಳು ಹಾರದೇ ಇರ್ತಾವಾ" ಅಂದುಬಿಟ್ಟರು.

ಪ್ಯಾಡ್ ತಂದದ್ದು ಇದಾದ ಮೇಲೆ. ಅಂಗಡಿಯಲ್ಲಿ ಎರಡು ತರದ್ದು ಇದ್ದವು. ಒಂದು ಕಡಿಮೆ ಬೆಲೆಯದು, ಕಲ್ಲಿನಷ್ಟು ಗಟ್ಟಿ. ಹೆಬ್ಬೆರಳಲ್ಲಿ ಒತ್ತಿದರೆ ಜಗ್ಗುವುದೇ ಇಲ್ಲ. ಅದನ್ನು ಬಿಟ್ಟೆ. ನಡುಕವನ್ನು ತಡೆಯಬೇಕಾದರೆ ರಬ್ಬರಿಗೆ ಸ್ವಲ್ಪ ಜಗ್ಗುವ ಗುಣ ಇರಬೇಕು. ತೀರಾ ಗಟ್ಟಿ ಇದ್ದರೆ ನಡುಕ ಹಾಗೇ ನೆಲಕ್ಕೆ ಇಳಿಯುತ್ತದೆ. ತೀರಾ ಮೆತ್ತಗಿದ್ದರೆ ಮಷಿನ್ ಓಲಾಡುತ್ತದೆ. ಒತ್ತಿದರೆ ಸ್ವಲ್ಪ ಒಳಗೆ ಹೋಗಿ, ಬಿಟ್ಟ ಕೂಡಲೇ ಮೇಲೆ ಬರುವಂಥದ್ದು ಸರಿ. ಗುಳಿಯ ಅಗಲ ಮಷಿನ್ನಿನ ಕಾಲಿಗೆ ಹೊಂದುತ್ತದಾ ಅಂತ ಅಳತೆ ತಗೊಂಡು ಹೋಗಿ. ಅಂಗಡಿಯವರು ವಾಪಸ್ ತಗೊಳ್ಳುವುದು ಕಷ್ಟ.

ಪ್ಯಾಡ್ ಹಾಕುವ ಮೊದಲು ಇನ್ನೆರಡು ಕೆಲಸ ಇದೆ. ಅದು ಪ್ಯಾಕೆಟ್ಟಿನ ಮೇಲೆ ಎಲ್ಲೂ ಬರೆದಿರಲಿಲ್ಲ. ಒಂದು, ಮುಂದೆ ಬಾಗಿಲಿರುವ ಮಷಿನ್ ಆದರೆ ಸಾಗಿಸುವಾಗ ಹಿಂದುಗಡೆ ಉದ್ದನೆಯ ಬೋಲ್ಟ್ ಹಾಕಿರುತ್ತಾರೆ. ಒಳಗಿನ ಡ್ರಮ್ ಅಲುಗಾಡದಿರಲಿ ಅಂತ. ಅವನ್ನು ತೆಗೆಯದೇ ಓಡಿಸಿದರೆ ಯಾವ ಪ್ಯಾಡೂ ಉಳಿಸುವುದಿಲ್ಲ, ಮಷಿನ್ನೂ ಹಾಳಾಗುತ್ತದೆ. ಮನೆ ಬದಲಿಸಿದವರು ಇದನ್ನು ಮೊದಲು ನೋಡಿ. ತೆಗೆದ ಬೋಲ್ಟ್ ಎಸೆಯಬೇಡಿ, ಮುಂದಿನ ಸಲಕ್ಕೆ ಬೇಕು.

ಎರಡನೆಯದು ಮಟ್ಟ. ನಮ್ಮ ಮಷಿನ್ ಇರುವುದು ಅಡುಗೆಮನೆ ಹಿಂದಿನ ಬಾಲ್ಕನಿಯಲ್ಲಿ. ನೀರು ಹೋಗಲಿ ಅಂತ ಅಲ್ಲಿ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ಒಂದು ಕಡೆ ಓಡಿತು. ಮಷಿನ್ನಿನ ಕಾಲನ್ನು ತಿರುಗಿಸಿ ಮೇಲೆ ಕೆಳಗೆ ಮಾಡಬಹುದು, ಆಮೇಲೆ ಅದರ ನಟ್ ಬಿಗಿ ಮಾಡಬೇಕು. ನಾಲ್ಕೂ ಕಾಲು ಸಮ ಭಾರ ಹೊರಬೇಕು. ಮೂಲೆ ಹಿಡಿದು ಒತ್ತಿದರೆ ಕಟಕಟ ಅನ್ನಬಾರದು. ಇಷ್ಟಕ್ಕೇ ಅರ್ಧ ನಡುಕ ಇಳಿಯಿತು, ಇನ್ನೂ ಪ್ಯಾಡ್ ಹಾಕಿರಲಿಲ್ಲ! ಎತ್ತುವಾಗ ಮಾತ್ರ ಒಬ್ಬರೇ ಹೋಗಬೇಡಿ. ಈ ಮಷಿನ್ನಿನ ಒಳಗೆ ಭಾರಕ್ಕೆ ಅಂತಲೇ ಕಾಂಕ್ರೀಟ್ ಕಟ್ಟಿರುತ್ತಾರೆ, 60-70 ಕಿಲೋ ತೂಗುತ್ತದೆ. ಒಬ್ಬರು ಸ್ವಲ್ಪ ವಾಲಿಸಿ ಹಿಡಿಯಬೇಕು, ಇನ್ನೊಬ್ಬರು ಪ್ಯಾಡ್ ತೂರಿಸಬೇಕು. ಪ್ಯಾಡ್ ಮೇಲೆ ಕೂತ ನಂತರ ರಸಮಟ್ಟ ಮತ್ತೆ ಇಟ್ಟು ನೋಡಿ.

ಹಾಕಿದ ಮೇಲೆ ಮತ್ತೆ ಅಕ್ಕೋರ ಮನೆಗೆ ಹೋದೆ. ಲೋಟ ನಡುಗಲಿಲ್ಲ. ಸ್ಪಿನ್ ವೇಗ ಹಿಡಿಯುವಾಗ ಕೆಲವು ಸೆಕೆಂಡು ಒಂದು ಗುಂಯ್ ಕೇಳುತ್ತದೆ, ಆಮೇಲೆ ಇಲ್ಲ. ಆ ಸ್ವಲ್ಪ ಹೊತ್ತು ಮೇಲೆ ನಮ್ಮ ಮಷಿನ್ ಮೊದಲಿಗಿಂತ ಜಾಸ್ತಿ ಅಲುಗಿದ ಹಾಗೆ ಕಾಣುತ್ತದೆ. ರಬ್ಬರ್ ಮೇಲೆ ಕೂತ ಮಷಿನ್ ಹಾಗೇ, ಅದರ ವೇಗ ರಬ್ಬರಿನ ಸ್ವಂತ ಓಲಾಟಕ್ಕೆ ತಾಳೆಯಾದಾಗ ಕುಣಿಯುತ್ತದೆ, ದಾಟಿದ ಮೇಲೆ ಸುಮ್ಮನಾಗುತ್ತದೆ. ಹೆದರಬೇಕಾಗಿಲ್ಲ. ಪೂರ್ತಿ ಸ್ಪಿನ್ನಿನಲ್ಲೂ ಓಲಾಡುತ್ತಲೇ ಇದ್ದರೆ ಮಾತ್ರ ಮಟ್ಟ ತಪ್ಪಿದೆ ಅಂತ.

ಫೋನಿನ ಡೆಸಿಬೆಲ್ ಆಪ್ ನಂಬಿ ಪ್ಯಾಡ್ ಕೆಲಸ ಮಾಡಿತಾ ಇಲ್ಲವಾ ಅಂತ ತೀರ್ಮಾನಿಸಬೇಡಿ. ಅವು ಸಾಮಾನ್ಯವಾಗಿ ಕಿವಿಗೆ ಚೆನ್ನಾಗಿ ಕೇಳುವ ಸ್ವರಗಳಿಗೇ ಲೆಕ್ಕ ಕೊಡುತ್ತವೆ, 20 ಹರ್ಟ್ಸ್ ಆಸುಪಾಸಿನ ನಡುಕವನ್ನು ಬಹುಪಾಲು ಬಿಟ್ಟುಬಿಡುತ್ತವೆ. ಅಕ್ಕೋರ ಸ್ಟೀಲ್ ಲೋಟವೇ ಒಳ್ಳೇ ಅಳತೆ.

'ಸ್ಪಿನ್ ಕಡಿಮೆ ಇಡಿ, ಪ್ಯಾಡ್ ಯಾಕೆ' ಅನ್ನುವವರಿದ್ದಾರೆ. ಅವರು ಕಾರವಾರದ ಮಳೆಗಾಲ ನೋಡಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ಮಷಿನ್ನಿನಲ್ಲೇ ಆದಷ್ಟು ಹಿಂಡಿ ತೆಗೆಯಬೇಕು. ಮಗನ ಯೂನಿಫಾರ್ಮ್ ಬೆಳಿಗ್ಗೆ ಬೇಕೇ ಬೇಕು.

ಈ ಪ್ಯಾಡಿನಿಂದ ಆಗದ ಕೆಲಸವೂ ಇದೆ. ಕುರ್ಚಿಗೆ ಇದು ಬೇಡ, ಅದಕ್ಕೆ ದಪ್ಪ ಫೆಲ್ಟ್ ಬೇಕು, ಅಂದರೆ ಕಾಲಿನ ಅಡಿಗೆ ಹಾಕುವ ಮೆತ್ತನೆ ಬಟ್ಟೆಯಂಥ ಬಿಲ್ಲೆ. ಅಂಟಿಸುವ ಫೆಲ್ಟ್ ಇಲ್ಲಿನ ತೇವಕ್ಕೆ ಬೇಗ ಕಿತ್ತು ಬರುತ್ತದೆ. ಸಮುದ್ರ ತೀರಕ್ಕೆ ಹೋಗಿ ಬಂದ ಕಾಲಿನ ಮರಳು ಅದಕ್ಕೆ ಮೆತ್ತಿಕೊಂಡು ಟೈಲ್ಸಿಗೆ ಗೀರು ಬೀಳುತ್ತದೆ. ಮೊಳೆ ಇರುವ ಫೆಲ್ಟ್ ತಗೊಳ್ಳಿ, ಬಡಗಿ ಹತ್ತು ನಿಮಿಷದಲ್ಲಿ ಹೊಡೆದು ಕೊಡುತ್ತಾರೆ. ನನ್ನ ಪ್ರಕಾರ ಅಕ್ಕೋರ ನಿದ್ದೆ ಉಳಿಸಿದ್ದು ವಾಷಿಂಗ್ ಮಷಿನ್ನಿನ ಪ್ಯಾಡಿಗಿಂತ ಈ ಕುರ್ಚಿಯ ಫೆಲ್ಟ್. ಕಾಯಿ ತುರಿಮಣೆಯ ಕೆಳಗೆ ಗೋಣಿಚೀಲ ಮಡಚಿ ಹಾಕುತ್ತೇನೆ, ಅದಕ್ಕೆ ಖರ್ಚೇ ಇಲ್ಲ.

ಇನ್ನು ಪಕ್ಕದ ಮನೆ. ಅಲ್ಲಿರುವವರು ನರ್ಸ್. ನಾನೇ ಹೋಗಿ ಬಾಗಿಲು ಬಡಿದೆ. "ಸಿಸ್ಟರ್, ಯಾವ ಹೊತ್ತಿಗೆ ನಿಮಗೆ ತೊಂದರೆ ಆಗ್ತದೆ, ಸರಿಯಾಗಿ ಹೇಳಿ" ಅಂತ ಕೇಳಿದೆ. ಅವರಿಗೆ ಸಂಕೋಚವಾಯಿತು. ಹೊಸಬರ ಹತ್ತಿರ ಹೇಗೆ ಹೇಳೋದು ಅಂತ ಮಾಲೀಕರಿಗೆ ಹೇಳಿದ್ದರಂತೆ. ರಾತ್ರಿ ಪಾಳಿ ಮುಗಿಸಿ ಬಂದು ಅವರು ಒಂಬತ್ತಕ್ಕೆ ಮಲಗುತ್ತಾರೆ. ಅವರ ಮಂಚದ ತಲೆಯ ಕಡೆಯ ಗೋಡೆಯೇ ನಮ್ಮ ಅಡುಗೆಮನೆಯ ಗೋಡೆ. ಅಡುಗೆ ಕಟ್ಟೆಯ ಗ್ರಾನೈಟ್ ಅದೇ ಗೋಡೆಯೊಳಗೆ ಕೂತಿದೆ. ಮಿಕ್ಸಿ ತಿರುಗಿದರೆ ಅವರ ದಿಂಬಿಗೇ ಹೋಗುತ್ತಿತ್ತು.

ನಮ್ಮವರು ಮೊದಲು ಕಾನೂನು ಹೇಳೋಣ ಅಂದಿದ್ದರು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಬೆಳಿಗ್ಗೆ ಹತ್ತು ಅಂದರೆ ಹಗಲೇ, ಚಟ್ನಿ ಅರೆದರೆ ಏನು ತಪ್ಪು ಅನ್ನುವುದು ಅವರ ವಾದ. ಆದರೆ ರಾತ್ರಿಯಿಡೀ ರೋಗಿಗಳನ್ನು ನೋಡಿ ಬಂದವರಿಗೆ ಆ ಸಮಯವೇ ರಾತ್ರಿ. ಅವರ ಮುಂದೆ ನಿಯಮದ ಪುಸ್ತಕ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಮಿಕ್ಸಿಯನ್ನು ಗೋಡೆಯಿಂದ ಈಚೆ ಎಳೆದು, ಕೆಳಗೆ ದಪ್ಪ ರಬ್ಬರ್ ಮ್ಯಾಟಿನ ತುಂಡು ಹಾಕಿದೆ. ಅವರ ರಾತ್ರಿ ಪಾಳಿಯ ವಾರಗಳಲ್ಲಿ ಎಂಟೂವರೆಯೊಳಗೆ ಅರೆಯುವ ಕೆಲಸ ಮುಗಿಸುತ್ತೇವೆ. ತಿಂಗಳ ಡ್ಯೂಟಿ ಪಟ್ಟಿ ಬಂದ ಕೂಡಲೇ ಅವರೇ ವಾಟ್ಸಾಪ್ ಮಾಡುತ್ತಾರೆ. ಈಗ ನಮ್ಮ ಮಗನಿಗೆ ಜ್ವರ ಬಂದರೆ ಮೊದಲು ಬಡಿಯುವುದು ಅವರ ಬಾಗಿಲು.

ಪ್ಯಾಡಿನ ಕೊರತೆಗಳನ್ನೂ ಹೇಳಬೇಕು. ಹೊಸದರಲ್ಲಿ ಟಯರ್ ವಾಸನೆ ಬರುತ್ತದೆ, ಬಿಸಿಲಿಗೆ ಎರಡು ದಿನ ಇಟ್ಟರೆ ಹೋಗುತ್ತದೆ. ತಿಳಿ ಬಣ್ಣದ ಟೈಲ್ಸಿನ ಮೇಲೆ ಕಪ್ಪು ಕಲೆ ಬಿಡುತ್ತದೆ. ಬಾಡಿಗೆ ಮನೆಯಾದ್ದರಿಂದ ನಾನು ಅಡಿಯಲ್ಲಿ ತೆಳುವಾದ ಮ್ಯಾಟ್ ಕೊಟ್ಟಿದ್ದೇನೆ. ಸೋಪಿನ ನೀರು ಚೆಲ್ಲಿದರೆ ಜಾರುತ್ತದೆ, ಒರೆಸಿಯೇ ಮಷಿನ್ ಹಾಕಬೇಕು. ಮಷಿನ್ ಸ್ವಲ್ಪ ಎತ್ತರವಾಗುತ್ತದೆ, ಮೇಲೆ ಕಟ್ಟೆ ಇದ್ದರೆ ಜಾಗ ಅಳೆದುಕೊಳ್ಳಿ. ಆ ಎತ್ತರದಿಂದ ನಮಗೆ ಲಾಭವೂ ಆಯಿತು. ಸಮುದ್ರದ ಗಾಳಿಗೆ ಇಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಈಗ ಮಷಿನ್ನಿನ ಅಡಿಯಲ್ಲಿ ನೀರು ನಿಲ್ಲದೆ ಒಣಗುತ್ತದೆ.

ನೆಲಮಹಡಿಯಲ್ಲಿ ಇರುವವರು, ಕೆಳಗೆ ಬರೀ ಪಾರ್ಕಿಂಗ್ ಇರುವವರು 380 ರೂಪಾಯಿ ಖರ್ಚು ಮಾಡಬೇಕಾಗಿಲ್ಲ, ಮಟ್ಟ ಸರಿ ಮಾಡಿದರೆ ಸಾಕು. ಕೆಳಗೆ ಮನೆ ಇದ್ದವರು ದೂರಿಗೆ ಕಾಯದೇ ಮಷಿನ್ ಇಳಿಸಿದ ದಿನವೇ ಹಾಕಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಕಳೆದದ್ದು ಟೈಲ್ಸಿನ ಕಲೆಗೆ.