ಫಿಟ್ ಇನ್ ಡಾಯ್ಚ್ 1: ಶಾಲಾ ಮಕ್ಕಳ ಜರ್ಮನ್ ಪರೀಕ್ಷೆ ಎಷ್ಟು ಗಟ್ಟಿ, ಎಲ್ಲಿ ಸಡಿಲ?

ಮಗುವಿಗೆ ಜರ್ಮನ್ ಎಷ್ಟು ಬಂದಿದೆ ಎಂಬುದು ಶಾಲೆಯ ಅಂಕಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯ ಜರ್ಮನ್ ವಿಷಯದಲ್ಲಿ 80 ಅಂಕ ಲಿಖಿತ ಪತ್ರಿಕೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಓದು, ಬರಹ, ವ್ಯಾಕರಣ, ಪಠ್ಯಪುಸ್ತಕದ ಪ್ರಶ್ನೆ ಎಲ್ಲ ಆ 80ರಲ್ಲೇ ಬರುತ್ತವೆ. ಮಾತು ಉಳಿದ 20ರ ಒಂದು ಮೂಲೆಯಲ್ಲಿ. ಹೀಗಾಗಿ ಒಳ್ಳೆಯ ಅಂಕ ತೆಗೆದ ಮಗುವೂ 'ಈಗ ಗಂಟೆ ಎಷ್ಟು' ಎಂದು ಜರ್ಮನ್‌ನಲ್ಲಿ ಕೇಳಿದರೆ ತಡವರಿಸುತ್ತದೆ.

ಜರ್ಮನಿಯ ಭಾಷೆ, ಸಂಸ್ಕೃತಿ ಸಂಸ್ಥೆಯಾದ ಗೋಯ್ಥೆ ಇನ್‌ಸ್ಟಿಟ್ಯೂಟ್ ನಡೆಸುವ 'ಗೋಯ್ಥೆ ಸರ್ಟಿಫಿಕೇಟ್ ಎ1: ಫಿಟ್ ಇನ್ ಡಾಯ್ಚ್ 1' ಪರೀಕ್ಷೆ ಈ ಕೊರತೆಯನ್ನು ನೇರವಾಗಿ ತುಂಬುತ್ತದೆ. ಎ1 ಎಂದರೆ ಯುರೋಪಿನ ಭಾಷಾ ಮಾಪನದ ಮೊದಲ ಮೆಟ್ಟಿಲು. ಈ ಸಂಸ್ಥೆಗೆ ನಮ್ಮ ದೇಶದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಹೆಸರು, ಬೆಂಗಳೂರಿನ ಕೇಂದ್ರ ಇಂದಿರಾನಗರದಲ್ಲಿದೆ. ಪರೀಕ್ಷೆ 10ರಿಂದ 16 ವರ್ಷದ ಮಕ್ಕಳಿಗೆಂದೇ ರೂಪಿಸಿದ್ದು. ದೊಡ್ಡವರು ಬರೆಯುವ 'ಸ್ಟಾರ್ಟ್ ಡಾಯ್ಚ್ 1' ಕೂಡ ಇದೇ ಎ1 ಮಟ್ಟದ್ದು, ಆದರೆ ಅಲ್ಲಿನ ಫಾರ್ಮ್ ತುಂಬುವ ಪ್ರಶ್ನೆ, ಕಚೇರಿಯ ವ್ಯವಹಾರ ಮಕ್ಕಳ ಲೋಕದ್ದಲ್ಲ. ಏಳನೇ ತರಗತಿಯ ಮಗುವನ್ನು ಅದಕ್ಕೆ ಕೂರಿಸಬಾರದು.

ಅಂಕಗಳ ಹಂಚಿಕೆ ನೋಡಿ. ಒಟ್ಟು 60ರಲ್ಲಿ ಕೇಳುವ ಭಾಗಕ್ಕೆ 18, ಮಾತಿಗೆ 18, ಓದಿಗೆ 12, ಬರಹಕ್ಕೆ 12. ಕಿವಿ ಮತ್ತು ಬಾಯಿಗೇ 36 ಅಂಕ! ಕೇಳುವುದು, ಓದುವುದು, ಬರೆಯುವುದು ತಲಾ 20 ನಿಮಿಷ; ಮಾತಿನ ಪರೀಕ್ಷೆ ಗುಂಪಿನಲ್ಲಿ ಸುಮಾರು 15 ನಿಮಿಷ. ಶಾಲೆಯಲ್ಲಿ ಈ ಪರೀಕ್ಷೆ ಕಟ್ಟಿಸಬೇಕು ಎನ್ನುವುದಕ್ಕೆ ನಮ್ಮ ಮೊದಲ ಕಾರಣ ಈ ಹಂಚಿಕೆಯೇ. ಪರೀಕ್ಷೆ ಏನನ್ನು ಕೇಳುತ್ತದೋ ತರಗತಿ ಆ ಕಡೆಗೆ ವಾಲುತ್ತದೆ. ಆರು ತಿಂಗಳು ಇದಕ್ಕೆ ತಯಾರಿ ನಡೆಸಿದ ತರಗತಿಯಲ್ಲಿ ಸ್ಪೀಕರ್ ದಿನವೂ ಆನ್ ಆಗುತ್ತದೆ, ಮಕ್ಕಳು ಪರಸ್ಪರ ಪ್ರಶ್ನೆ ಕೇಳಿಕೊಳ್ಳುತ್ತಾರೆ.

ಕೇಳುವ ಭಾಗದಲ್ಲಿ 12 ಪ್ರಶ್ನೆ, ಒಂದೊಂದಕ್ಕೆ ಒಂದೂವರೆ ಅಂಕ. ಮೊದಲು ಚಿಕ್ಕ ಸಂದೇಶಗಳು, ಮೂರು ಆಯ್ಕೆಯಲ್ಲಿ ಒಂದಕ್ಕೆ ಗುರುತು. ಆಮೇಲೆ ಸಂಭಾಷಣೆಗಳು, ಸರಿಯೋ ತಪ್ಪೋ ಹೇಳಬೇಕು. ಪ್ರತಿಯೊಂದನ್ನೂ ಎರಡು ಸಲ ಕೇಳಿಸುತ್ತಾರೆ. ಅಂಕ ಹೆಚ್ಚಾಗಿ ಜಾರುವುದು ಸಂಖ್ಯೆ ಮತ್ತು ಸಮಯದಲ್ಲಿ. 47ಕ್ಕೆ ಜರ್ಮನ್‌ನಲ್ಲಿ 'ಝೀಬೆನ್ ಉಂಡ್ ಫಿಯರ್‌ತ್ಸಿಶ್', ಅಂದರೆ ಏಳು ಮತ್ತು ನಲವತ್ತು. ಕನ್ನಡದ 'ನಲವತ್ತೇಳು' ಹತ್ತನ್ನು ಮೊದಲು ಹೇಳುತ್ತದೆ, ಇಂಗ್ಲಿಷೂ ಹಾಗೆಯೇ. ಮಗು ಕಿವಿಗೆ ಬಿದ್ದ ಕ್ರಮದಲ್ಲಿ 7 ಬರೆದು, 4 ಬರೆದು, 74 ಮಾಡಿಬಿಡುತ್ತದೆ. ಹಿಂದಿ ಬಲ್ಲ ಮಕ್ಕಳಿಗೆ 'ಸೈಂತಾಲೀಸ್' ನೆನಪಿಸಿದರೆ ತಟ್ಟನೆ ಹಿಡಿಯುತ್ತಾರೆ, ಏಕೆಂದರೆ ಅಲ್ಲೂ ಬಿಡಿ ಅಂಕಿಯೇ ಮುಂದೆ. ಇಲ್ಲದಿದ್ದರೆ ಪದ ಪೂರ್ತಿ ಮುಗಿಯುವವರೆಗೆ ಪೆನ್ಸಿಲ್ ಎತ್ತಬಾರದು ಎಂಬ ಅಭ್ಯಾಸ ಮಾಡಿಸಬೇಕು. ದಿನಕ್ಕೆ ಹತ್ತು ಸಂಖ್ಯೆಯ ಉಕ್ತಲೇಖನ, ಐದು ನಿಮಿಷ, ಆರು ವಾರ. ಫೋನ್ ನಂಬರ್ ಹೇಳುವಾಗ ಜರ್ಮನರು 'ತ್ಸ್ವೈ' (ಎರಡು) ಬದಲು 'ತ್ಸ್ವೋ' ಎನ್ನುವುದುಂಟು, 'ಡ್ರೈ' (ಮೂರು) ಜೊತೆ ಗೊಂದಲವಾಗದಿರಲೆಂದು. ಇದನ್ನೂ ಒಮ್ಮೆ ಕಿವಿಗೆ ಹಾಕಿರಬೇಕು.

ಸಮಯದ ಬಲೆ ಇನ್ನೂ ಸೂಕ್ಷ್ಮ. 'ಹಾಲ್ಪ್ ಆಖ್ಟ್' ಎಂದರೆ ಪದಶಃ 'ಅರ್ಧ ಎಂಟು'. ನಮ್ಮ ಮಗು ಅದನ್ನು ಎಂಟೂವರೆ ಎಂದುಕೊಳ್ಳುತ್ತದೆ. ನಿಜಕ್ಕೂ ಅದು ಏಳೂವರೆ. ಕನ್ನಡ ಮುಗಿದ ಗಂಟೆಗೆ ಅರ್ಧ ಸೇರಿಸಿದರೆ, ಜರ್ಮನ್ ಬರಲಿರುವ ಗಂಟೆಯ ಅರ್ಧ ದಾರಿಯನ್ನು ಹೇಳುತ್ತದೆ. ಗಡಿಯಾರದ ಮುಳ್ಳು ತಿರುಗಿಸಿ, 'ಎಂಟಕ್ಕೆ ಹೊರಟಿದ್ದೇವೆ, ಅರ್ಧ ದಾರಿ ಬಂದಿದ್ದೇವೆ' ಎಂದು ತೋರಿಸಿದರೆ ಮರೆಯುವುದಿಲ್ಲ. ರೇಡಿಯೊ ಮತ್ತು ರೈಲು ನಿಲ್ದಾಣದ ಪ್ರಕಟಣೆಯಲ್ಲಿ ಮಾತ್ರ 24 ಗಂಟೆಯ ಲೆಕ್ಕ. ಅದು ನಮ್ಮ ಮಕ್ಕಳಿಗೆ ಗೊತ್ತಿರುವ ರೈಲ್ವೆ ಟೈಮ್, ತೊಂದರೆಯಿಲ್ಲ.

ಓದುವ ಭಾಗ ಸುಲಭ. ಜಾಹೀರಾತು, ಹದಿಹರೆಯದವರು ತಮ್ಮ ಬಗ್ಗೆ ಬರೆದ ಚಿಕ್ಕ ಬರಹ, ಒಟ್ಟು 12 ಪ್ರಶ್ನೆ. ಎಡವುವುದು ಪಠ್ಯದಲ್ಲಿರುವ ಪದವೇ ಆಯ್ಕೆಯಲ್ಲೂ ಕಂಡ ಕೂಡಲೇ ಗುರುತು ಹಾಕುವವರು. ಈಜುಕೊಳ 'ಮಂಗಳವಾರದಿಂದ ಭಾನುವಾರದವರೆಗೆ' ತೆರೆದಿರುತ್ತದೆ ಎಂದು ಜಾಹೀರಾತು ಹೇಳಿದರೆ, ರಜೆ ಯಾವತ್ತು ಎಂಬ ಪ್ರಶ್ನೆಗೆ ಉತ್ತರ ಸೋಮವಾರ. ಆ ಪದ ಪಠ್ಯದಲ್ಲಿ ಇರುವುದೇ ಇಲ್ಲ. 'ನೂರ್' (ಮಾತ್ರ), 'ಕೈನ್' (ಇಲ್ಲ), 'ಆಪ್' (ಇಂದ), 'ಬಿಸ್' (ವರೆಗೆ) ಎಂಬ ಪುಟ್ಟ ಪದಗಳಿಗೆ ಅಡಿಗೆರೆ ಎಳೆಯುವುದನ್ನು ರೂಢಿಸಿದರೆ ಸಾಕು.

ಬರಹದಲ್ಲಿ ಒಂದೇ ಕೆಲಸ: ಸ್ನೇಹಿತ ಅಥವಾ ಸ್ನೇಹಿತೆಯ ಇ-ಮೇಲ್‌ಗೆ ಕನಿಷ್ಠ 30 ಪದಗಳ ಉತ್ತರ. ಇಲ್ಲಿ ಚುರುಕಾದ ಮಕ್ಕಳೇ ಅಂಕ ಕಳೆದುಕೊಳ್ಳುತ್ತಾರೆ. ಮನೆ, ತಂಗಿ, ನಾಯಿ, ಕ್ರಿಕೆಟ್ ಎಂದು 60 ಪದ ಬರೆದು, ಬಂದ ಪತ್ರದಲ್ಲಿದ್ದ 'ನೀನು ಯಾವಾಗ ಬರುತ್ತೀಯ' ಎಂಬ ಪ್ರಶ್ನೆಗೆ ಉತ್ತರಿಸದೆ ಬಿಡುತ್ತಾರೆ. 'ನನ್ನ ಪರಿಚಯ' ಉರು ಹೊಡೆಸಿದ ತರಗತಿಗಳಲ್ಲಿ ಈ ತಪ್ಪು ಹೆಚ್ಚು. ಮೊದಲ ಎರಡು ನಿಮಿಷ ಪತ್ರದ ಪ್ರತಿ ಪ್ರಶ್ನೆಗೂ ನಂಬರ್ ಹಾಕಿಸಿ. ಹನ್ನೆರಡು ನಿಮಿಷ ಬರಹ. ನಾಲ್ಕು ನಿಮಿಷ ತಿದ್ದುವುದು: ನಾಮಪದಗಳಿಗೆಲ್ಲ ದೊಡ್ಡಕ್ಷರ ಬಂತೇ, ಕ್ರಿಯಾಪದ ಎರಡನೇ ಜಾಗದಲ್ಲಿದೆಯೇ. ಕೊನೆಯ ಎರಡು ನಿಮಿಷ ಪದ ಎಣಿಸಿ, ಆರಂಭದ ಸಂಬೋಧನೆ, ಕೊನೆಯ ವಂದನೆ ನೋಡಿಕೊಳ್ಳಲು. ಹುಡುಗಿಗೆ 'ಲೀಬೆ', ಹುಡುಗನಿಗೆ 'ಲೀಬರ್'. ಇದರಲ್ಲಿ ಎಡವುವವರು ಬಹಳ.

ಕ್ರಿಯಾಪದದ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 'ಬಿಡುವಿನಲ್ಲಿ ನಾನು ಬ್ಯಾಡ್ಮಿಂಟನ್ ಆಡುತ್ತೇನೆ' ಎನ್ನಲು ಮಕ್ಕಳು 'ಇನ್ ಮೈನರ್ ಫ್ರೈತ್ಸೈಟ್ ಇಶ್ ಶ್ಪೀಲೆ ಬ್ಯಾಡ್ಮಿಂಟನ್' ಎಂದು ಬರೆಯುತ್ತಾರೆ. ಅದು ಇಂಗ್ಲಿಷ್ ಕ್ರಮ. ಜರ್ಮನ್‌ನಲ್ಲಿ 'ಇನ್ ಮೈನರ್ ಫ್ರೈತ್ಸೈಟ್ ಶ್ಪೀಲೆ ಇಶ್' ಆಗಬೇಕು, ಕ್ರಿಯಾಪದ 'ಶ್ಪೀಲೆ' (ಆಡುತ್ತೇನೆ) 'ಇಶ್' (ನಾನು) ಎಂಬುದಕ್ಕಿಂತ ಮುಂದೆ. ನಿಯಮ ಹೇಳಿ ಪ್ರಯೋಜನವಿಲ್ಲ, ಕಾಗದದ ಪಟ್ಟಿ ಬೇಕು. ನಾಲ್ಕು ಪಟ್ಟಿಗಳಲ್ಲಿ ವಾಕ್ಯದ ನಾಲ್ಕು ತುಂಡು ಬರೆದು, ಕ್ರಿಯಾಪದದ ಪಟ್ಟಿಯನ್ನು ಎರಡನೇ ಜಾಗದಲ್ಲಿ ಬೋರ್ಡಿಗೆ ಅಂಟಿಸಿಬಿಡಿ. ಉಳಿದವನ್ನು ಮಕ್ಕಳು ಹಿಂದೆ ಮುಂದೆ ಮಾಡಲಿ. ಏನೇ ಮುಂದೆ ಬಂದರೂ ಅದು ಮಾತ್ರ ಕದಲುವುದಿಲ್ಲ ಎಂದು ಕಣ್ಣಿಗೆ ಕಂಡರೆ ಕೈಗೂ ಬರುತ್ತದೆ.

ಈ ಪರೀಕ್ಷೆಯ ಜೀವ ಇರುವುದು ಮಾತಿನ ಭಾಗದಲ್ಲಿ. ಮಕ್ಕಳು ಗುಂಪಾಗಿ ಕೂರುತ್ತಾರೆ, ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ಅಂಕ ಹಾಕುತ್ತಾರೆ, ತಯಾರಿಗೆ ಸಮಯ ಕೊಡುವುದಿಲ್ಲ. ಮೊದಲು ಹೆಸರು, ವಯಸ್ಸು, ಊರು, ಭಾಷೆ, ಹವ್ಯಾಸದ ಸುಳಿವು ಹಿಡಿದು ಪರಿಚಯ. ಎರಡನೆಯದರಲ್ಲಿ ಒಂದು ವಿಷಯದ ಮೇಲೆ ಪದ ಬರೆದ ಚೀಟಿ ಎತ್ತಿ ಪಕ್ಕದವರಿಗೆ ಪ್ರಶ್ನೆ ಕೇಳಬೇಕು, ಅವರು ಉತ್ತರಿಸಬೇಕು. ಮೂರನೆಯದರಲ್ಲಿ ಚಿತ್ರದ ಚೀಟಿ ನೋಡಿ ಪಕ್ಕದವರನ್ನು ಏನಾದರೂ ಕೇಳಿಕೊಳ್ಳಬೇಕು. ಎರಡನೆಯದರಲ್ಲಿ 'ಬೆಳಗಿನ ತಿಂಡಿ' ಎಂಬ ಚೀಟಿ ಬಂದರೆ 'ವಾಸ್ ಇಸ್ಟ್ ಡು ತ್ಸುಮ್ ಫ್ರ್ಯೂಷ್ಟ್ಯುಕ್' (ತಿಂಡಿಗೆ ಏನು ತಿನ್ನುತ್ತೀಯ) ಎಂದು ಕೇಳಬಹುದು. 'ಇಶ್ ಎಸೆ ಇಡ್ಲಿ' (ಇಡ್ಲಿ ತಿನ್ನುತ್ತೇನೆ) ಎಂಬುದು ಪೂರ್ಣ, ಸರಿಯಾದ ಉತ್ತರ. ಬ್ರೆಡ್ಡು ಚೀಸೇ ಹೇಳಬೇಕು ಎಂದು ಮಕ್ಕಳಿಗೆ ಕಲಿಸುವುದು ಬೇಡ. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳುವುದು ಮೇಷ್ಟರ ಕೆಲಸ, ಉತ್ತರಿಸುವುದು ಮಕ್ಕಳ ಕೆಲಸ. ಹಾಗಾಗಿ ವರ್ಷಗಟ್ಟಲೆ ಕಲಿತವರಿಗೂ ಒಂದು ಪ್ರಶ್ನೆ ಕಟ್ಟಲು ನಾಲಿಗೆ ಏಳುವುದಿಲ್ಲ. ವಾರಕ್ಕೊಂದು ಪೀರಿಯಡ್ ಮಕ್ಕಳೇ ಪ್ರಶ್ನೆ ಕೇಳುವುದಕ್ಕೆ ಮೀಸಲಿಡದೆ ಈ ಭಾಗ ದಾಟಲಾಗದು.

ಚಿತ್ರದ ಚೀಟಿಯಲ್ಲಿ ಪೆನ್ಸಿಲ್ ಬಂದಿತೆನ್ನಿ. 'ಗಿಪ್‌ಸ್ಟ್ ಡು ಮಿಯರ್ ಬಿಟೆ ಡೆನ್ ಬ್ಲೈಷ್ಟಿಫ್ಟ್' (ದಯವಿಟ್ಟು ಪೆನ್ಸಿಲ್ ಕೊಡುತ್ತೀಯಾ) ಎನ್ನಬೇಕಾದಲ್ಲಿ ಕನ್ನಡದ ಮಗು 'ಡೆರ್ ಬ್ಲೈಷ್ಟಿಫ್ಟ್' ಎನ್ನುತ್ತದೆ. 'ಡೆರ್' ಪ್ರಥಮಾ ವಿಭಕ್ತಿಯ ರೂಪ, ಇಲ್ಲಿ ಬೇಕಾದ 'ಡೆನ್' ದ್ವಿತೀಯಾ. ಕಾರಣ ನಮ್ಮ ಭಾಷೆಯಲ್ಲೇ ಇದೆ. ನಾವು 'ಪೆನ್ಸಿಲ್ ಕೊಡು' ಎನ್ನುತ್ತೇವೆ, ಮಾತಿನಲ್ಲಿ 'ಪೆನ್ಸಿಲನ್ನು' ಎನ್ನುವುದು ಅಪರೂಪ. ಆದರೆ 'ರಾಮು ಕರಿ' ಎನ್ನುವುದಿಲ್ಲ, 'ರಾಮೂನ ಕರಿ' ಎನ್ನುತ್ತೇವೆ. ಕನ್ನಡ ಜೀವವಿಲ್ಲದ ವಸ್ತುವಿಗೆ ದ್ವಿತೀಯಾ ವಿಭಕ್ತಿ ಬಿಡುತ್ತದೆ, ಜರ್ಮನ್ ಪುಲ್ಲಿಂಗಕ್ಕೆ ಮಾತ್ರ ರೂಪ ಬದಲಿಸುತ್ತದೆ. ಜೊತೆಗೆ ಪೆನ್ಸಿಲ್ ಪುಲ್ಲಿಂಗ ಎಂಬುದೇ ವಸ್ತುಗಳನ್ನೆಲ್ಲ 'ಅದು' ಎನ್ನುವವರಿಗೆ ಹೊಸತು. ಈ ತಪ್ಪಿನಿಂದ ಅರ್ಥವೇನೂ ಕೆಡುವುದಿಲ್ಲ, ಆದರೂ ಮೂಲ ತಿಳಿದರೆ ತಿದ್ದಲು ಸುಲಭ. ಕನ್ನಡ ನೆರವಾಗುವ ಕಡೆಯೂ ಇದೆ. ಗೆಳೆಯನಿಗೆ 'ಡು', ಪರೀಕ್ಷಕರಿಗೆ 'ಝೀ' ಎಂಬುದು ನಮ್ಮ ನೀನು–ನೀವು ಅಷ್ಟೇ. 'ಮಿಯರ್ ಇಸ್ಟ್ ಕಾಲ್ಟ್' ಎಂದರೆ ಥೇಟ್ 'ನನಗೆ ಚಳಿ'. ಇಂಗ್ಲಿಷ್ ಮೂಲಕ ಸುತ್ತಿ ಬರುವ ಬದಲು ಕನ್ನಡದಿಂದಲೇ ಹೇಳಿಕೊಟ್ಟರೆ ಒಂದು ಪೀರಿಯಡ್ ಉಳಿಯುತ್ತದೆ.

ಕುಂದುಗಳನ್ನೂ ಹೇಳಲೇಬೇಕು. ಗುಂಪು ಮಾತುಕತೆಯಲ್ಲಿ ಪಕ್ಕದ ಮಗುವಿನ ಪ್ರಶ್ನೆಯೇ ಅರ್ಥವಾಗದಂತಿದ್ದರೆ ಉತ್ತರಿಸಬೇಕಾದ ಮಗು ಕಂಗಾಲಾಗುತ್ತದೆ. ಮೆದು ಮಾತಿನ ಮಕ್ಕಳಿಗೆ ಇದು ಅನ್ಯಾಯ. 'ವೀ ಬಿಟೆ' (ಏನಂದೆ), 'ನೋಖ್ ಐನ್ಮಾಲ್ ಬಿಟೆ' (ದಯವಿಟ್ಟು ಇನ್ನೊಮ್ಮೆ) ಎಂಬ ಎರಡು ವಾಕ್ಯ ನಾಲಿಗೆಯ ತುದಿಯಲ್ಲಿರುವಂತೆ ಮಾಡುವುದೊಂದೇ ದಾರಿ. ಎರಡನೆಯದು, ಎಲ್ಲ ಭಾಗಕ್ಕೂ ಹಾಜರಾಗಿ ಒಟ್ಟು 30 ಅಂಕ ಬಂದರೆ ಪಾಸು. ಅಂದರೆ ಬರಹದಲ್ಲಿ ಏನೂ ಬಾರದಿದ್ದರೂ ಉಳಿದ ಮೂರರ ಬಲದಿಂದ ಪ್ರಮಾಣಪತ್ರ ಸಿಗಬಹುದು. ಪೋಷಕರು 'ಪಾಸಾಯಿತು' ಎಂದು ನೆಮ್ಮದಿಯಾಗುವ ಮೊದಲು ಭಾಗವಾರು ಅಂಕ ನೋಡಲಿ. ಮೂರನೆಯದು, ಯಾವ ಪ್ರಶ್ನೆ ತಪ್ಪಾಯಿತು ಎಂಬ ವಿವರ ಶಿಕ್ಷಕರ ಕೈಗೆ ಬರುವುದಿಲ್ಲ. ಕಲಿಸುವವರಿಗೆ ಬೇಕಾದದ್ದೇ ಅದು. ಹಾಗಾಗಿ ಪರೀಕ್ಷೆಗೆ ಮುನ್ನ ಶಾಲೆಯಲ್ಲೇ ಮಾದರಿ ಪತ್ರಿಕೆ ಕೊಟ್ಟು, ತಪ್ಪುಗಳನ್ನು ಸಂಖ್ಯೆ, ಸಮಯ, ಪುಟ್ಟ ಪದ, ಪ್ರಶ್ನೆ ಬಿಟ್ಟದ್ದು ಎಂದು ವಿಂಗಡಿಸಿ ಬರೆದಿಟ್ಟುಕೊಳ್ಳಬೇಕು. ಆಡಿಯೊ ಸಮೇತ ಮಾದರಿ ಪತ್ರಿಕೆಗಳು ಸಂಸ್ಥೆಯ ಜಾಲತಾಣದಲ್ಲಿ ಉಚಿತ. ಆದರೆ ಅವು ಕೆಲವೇ ಇವೆ, ಮೊದಲ ತಿಂಗಳಲ್ಲೇ ಖರ್ಚು ಮಾಡಬೇಡಿ. ಎರಡು ತಿಂಗಳು ಮುಂಚೆ ಒಂದು, ವಾರ ಮುಂಚೆ ಗಡಿಯಾರ ಇಟ್ಟು ಇನ್ನೊಂದು.

ಯಾವಾಗ ಕೂರಿಸಬೇಕು? ಎ1 ಮುಟ್ಟಲು 45 ನಿಮಿಷದ 80ರಿಂದ 200 ಪಾಠ ಬೇಕೆಂಬುದು ಸಂಸ್ಥೆಯೇ ಕೊಡುವ ಲೆಕ್ಕ. ವಾರಕ್ಕೆ 40 ನಿಮಿಷದ ಮೂರು ಪೀರಿಯಡ್, ವರ್ಷಕ್ಕೆ 35 ವಾರ ಎಂದರೆ 105 ಪೀರಿಯಡ್, ಅಂದರೆ 45 ನಿಮಿಷದ 93 ಪಾಠ. ಸ್ಪೋರ್ಟ್ಸ್ ಡೇ, ಯೂನಿಟ್ ಟೆಸ್ಟ್ ಕಳೆದರೆ 80 ಕೂಡ ಉಳಿಯದು. ಆರನೇ ತರಗತಿಯಲ್ಲಿ ಶುರು ಮಾಡಿದವರನ್ನು ಏಳನೆಯದರ ಕೊನೆಗೆ ಕೂರಿಸಿ. ಒಂದೇ ವರ್ಷದಲ್ಲಿ ಕಟ್ಟಿಸುವ ಶಾಲೆಗಳು ಗಿಳಿಪಾಠ ಮಾಡಿಸದೆ ಬೇರೆ ದಾರಿಯಿಲ್ಲ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ, ಪರೀಕ್ಷೆಯನ್ನು ಮತ್ತೆ ಕಟ್ಟಲೂಬಹುದು, ಆತುರಕ್ಕೆ ಕಾರಣವೇ ಇಲ್ಲ.

ಮುಂದಿನ ಮೆಟ್ಟಿಲಾದ ಎ2 'ಫಿಟ್ ಇನ್ ಡಾಯ್ಚ್' ಬೇರೆಯೇ ಲೆಕ್ಕ. ಅಲ್ಲಿ 100 ಅಂಕ, ಪಾಸಾಗಲು 60, ಓದು ಮತ್ತು ಕೇಳುವಿಕೆ ತಲಾ 30 ನಿಮಿಷ, ಬರಹದಲ್ಲಿ ಎರಡು ಕೆಲಸ. ಮಾತಿನಲ್ಲಿ ಕನಿಷ್ಠ 15, ಲಿಖಿತ ಭಾಗಗಳಲ್ಲಿ ಸೇರಿ 45 ಬರಲೇಬೇಕು, ಒಂದರ ಕೊರತೆಯನ್ನು ಇನ್ನೊಂದು ಮುಚ್ಚದು. ಎ1ರಲ್ಲಿ 32, 33 ತೆಗೆದವರನ್ನು ಮರುವರ್ಷವೇ ಎ2ಗೆ ಕಳಿಸುವುದು ಬೇಡ. 45ರ ಮೇಲೆ ಬಂದು, ಬರಹದಲ್ಲೂ 12ಕ್ಕೆ 8 ದಾಟಿದವರು ಹೋಗಲಿ.