ಅಂಗೈಯಗಲದ ಟ್ಯೂನರ್: ಕೊಳ್ಳಬಹುದು, ಆದರೆ ಏತಕ್ಕಾಗಿ?

ನನ್ನದು 2015ರ ಫೋರ್ಡ್ ಮಸ್ಟಾಂಗ್ ಜಿಟಿ, ಓಡುವುದು ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆಂದು ಕೊಂಡದ್ದು ಈ ಟ್ಯೂನರ್: ಎಂಜಿನ್ನಿನ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಬಲ್ಲ ಪುಟ್ಟ ಉಪಕರಣ. ಇದರ ಪೆಟ್ಟಿಗೆಯ ಮೇಲೆ ಅಶ್ವಶಕ್ತಿಯ ಆಸೆಯನ್ನೇ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ನನಗೆ ದಕ್ಕಿದ ಲಾಭ ಬೇರೆ: ಅದರ ಡೇಟಾ ಲಾಗಿಂಗ್, ಅಂದರೆ ಎಂಜಿನ್ ಓಡುವಾಗಿನ ಅಂಕಿಅಂಶಗಳನ್ನು ದಾಖಲಿಸುವುದು.

ಸ್ಟೇರಿಂಗ್ ಕೆಳಗಿನ ಒಬಿಡಿ-2 ಪೋರ್ಟಿಗೆ (ಕಾರಿನ ದೋಷ ತಪಾಸಣೆಯ ಕಿಂಡಿಗೆ) ಸಿಕ್ಕಿಸಿದರೆ ಸ್ಪಾರ್ಕ್ ಟೈಮಿಂಗ್ (ಕಿಡಿ ಹೊತ್ತುವ ಗಳಿಗೆ), ನಾಕ್ (ಇಂಧನ ಅಕಾಲದಲ್ಲಿ ಸಿಡಿಯುವುದು), ಗಾಳಿ-ಇಂಧನದ ಅನುಪಾತ ಎಲ್ಲವೂ ಪರದೆಯ ಮೇಲೆ ಹರಿಯುತ್ತವೆ. ಈ ಎಂಜಿನ್‌ನ 435 ಅಶ್ವಶಕ್ತಿ 93 ಆಕ್ಟೇನ್ ಪೆಟ್ರೋಲಿನ ಲೆಕ್ಕ (ಆಕ್ಟೇನ್ ಎಂದರೆ ನಾಕ್ ತಡೆಯುವ ಶಕ್ತಿಯ ಅಳತೆ). ಇಲ್ಲಿನ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪ್ರೀಮಿಯಂ 91. ಬಿರುಬಿಸಿಲಿನಲ್ಲಿ ಎಂಜಿನ್ ತಾನಾಗಿಯೇ ಸ್ಪಾರ್ಕನ್ನು ತಡಮಾಡಿ ತನ್ನನ್ನು ಕಾಪಾಡಿಕೊಳ್ಳುವುದನ್ನು ಇದರಲ್ಲಿ ಕಣ್ಣಾರೆ ಕಂಡೆ. ಕೊಟ್ಟ ಹಣ ಅಲ್ಲಿಗೇ ಸಾರ್ಥಕವಾಯಿತು.

ಡ್ರ್ಯಾಗ್ ಸ್ಟ್ರಿಪ್‌ನ (ನೇರ ಓಟದ ಪಂದ್ಯದ ಹಾದಿಯ) ಹಿರಿಯರು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಬಣ್ಣ ನೋಡಿ ಇಂಧನ ಹೆಚ್ಚೋ ಕಡಿಮೆಯೋ ಹೇಳುತ್ತಾರೆ. ಅದನ್ನು ಅವರು ಪ್ಲಗ್ ಓದುವುದು ಎನ್ನುತ್ತಾರೆ. ಹುಡುಗರು ಓದುವುದು ಲಾಗ್. ಹಿರಿಯರ ಬಾಯಲ್ಲಿ ಎಂಜಿನ್ ಇಂದಿಗೂ 'ಮಿಲ್', 1932ರ ಫೋರ್ಡ್ 'ಡ್ಯೂಸ್'. ಷೆವರ್ಲೆಯ ಸ್ಮಾಲ್ ಬ್ಲಾಕ್ (ಚಿಕ್ಕ) ಎಂಜಿನ್ 'ಮೌಸ್', ಬಿಗ್ ಬ್ಲಾಕ್ (ದೊಡ್ಡದು) 'ರ್‍ಯಾಟ್', ಕ್ರೈಸ್ಲರ್‌ನ 426 ಹೆಮಿ ಎಂಜಿನ್ನೋ 'ಎಲಿಫೆಂಟ್'! ಗ್ಯಾರೇಜುಗಳಲ್ಲಿ, ಬೀದಿಗಳಲ್ಲಿ ಜನ ಪ್ರೀತಿಯಿಂದ ಇಟ್ಟ ಹೆಸರುಗಳು ಇವು. ನನ್ನ ಎಂಜಿನ್ ಕೂಡ 'ಕೊಯೋಟಿ'ಯೇ, ಆದರೆ ಆ ಹೆಸರು ಫೋರ್ಡ್‌ನೊಳಗೇ ಹುಟ್ಟಿದ್ದು. ಡಾಡ್ಜ್‌ನ 707 ಅಶ್ವಶಕ್ತಿಯ 'ಹೆಲ್‌ಕ್ಯಾಟ್' ಸಹ ಕಂಪನಿಯೇ ಇಟ್ಟ ಹೆಸರು. ಅಡ್ಡಹೆಸರಿಡುವ ಹಕ್ಕು ಜನರ ಕೈಬಿಟ್ಟದ್ದಕ್ಕೆ ನನಗೆ ನಿಜವಾಗಿಯೂ ಬೇಸರವಿದೆ. ಈಗಿನ ಮಾತೆಲ್ಲ 'ಮ್ಯಾಪ್' (ಎಂಜಿನ್ ಹೊಂದಾಣಿಕೆಯ ಪಟ್ಟಿ), 'ಫ್ಲ್ಯಾಶ್' (ಅದನ್ನು ಎಂಜಿನ್ನಿನ ಕಂಪ್ಯೂಟರಿಗೆ ತುಂಬುವುದು). ಚುರುಕಾದ ಪದಗಳೇ, ಆದರೆ ಅವುಗಳಲ್ಲಿ ಗ್ರೀಸಿನ ವಾಸನೆಯಿಲ್ಲ.

ಇನ್ನು ದೂರುಗಳು. ಕೈಪಿಡಿ ತೀರಾ ತೆಳು. ಅದಕ್ಕಿಂತ ಗಂಭೀರವಾದದ್ದು, ನನಗೆ ಬಂದ ಟ್ಯೂನ್‌ಗೆ (ಬದಲಿ ತಂತ್ರಾಂಶಕ್ಕೆ) ಕ್ಯಾಲಿಫೋರ್ನಿಯಾ ವಾಯು ಮಂಡಳಿಯ ಅನುಮೋದನೆ ಇಲ್ಲ ಎಂಬುದನ್ನು ತಯಾರಕರು ಮೂಲೆಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ. 2021ರ ಜುಲೈನಿಂದ ಅನುಮೋದನೆಯಿಲ್ಲದ ತಂತ್ರಾಂಶವಿರುವ ಕಾರು ಇಲ್ಲಿನ ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತದೆ. ಹಾಗಾಗಿ ನಾನು ಮೂಲ ತಂತ್ರಾಂಶವನ್ನು ಮುಟ್ಟಿಲ್ಲ, ಬಳಸುವುದು ಲಾಗಿಂಗ್ ಮಾತ್ರ. ಮಂಡಳಿಯ ಅನುಮೋದನೆಯ ಆದೇಶ ಸಂಖ್ಯೆ ಇರುವ ಟ್ಯೂನ್ ಸಿಕ್ಕರೆ ಆಗ ನೋಡೋಣ.

ಜಾಹೀರಾತಿನಲ್ಲಿ ರಾತ್ರಿಯ ಬೀದಿ ಪಂದ್ಯವನ್ನು ತೋರಿಸಿರುವುದನ್ನು ನಾನು ಕ್ಷಮಿಸಲಾರೆ. ಒಂದು ಕಾಲದಲ್ಲಿ 'ಪಿಂಕ್ಸ್'ಗಾಗಿ ಓಡುವುದೆಂದರೆ ಕಾರಿನ ಗುಲಾಬಿ ಬಣ್ಣದ ಮಾಲೀಕತ್ವ ಪತ್ರವನ್ನೇ ಪಣಕ್ಕಿಡುವುದು. ಆ ಹುಚ್ಚನ್ನು ರಸ್ತೆಯಿಂದ ಬಿಡಿಸಿ ಸುರಕ್ಷಿತ ಸ್ಟ್ರಿಪ್‌ಗೆ ತರಲೆಂದೇ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಕಾರು) ಸಂಘವನ್ನು ಕಟ್ಟಿದರು. ಈ ಉಪಕರಣಕ್ಕೆ ಸರಿಯಾದ ಜಾಗವೂ ಅದೇ ಸ್ಟ್ರಿಪ್.

ಅಮೆರಿಕದಲ್ಲಿ ಒಬಿಡಿ-2 ಕಡ್ಡಾಯವಾದದ್ದು 1996ರ ಮಾದರಿಯಿಂದ. ಅದಕ್ಕೂ ಹಳೆಯ ಕಾರ್ಬ್ಯುರೇಟರ್ ಕಾರು ಉಳ್ಳವರಿಗೆ ಇದು ಕೆಲಸಕ್ಕೆ ಬಾರದು, ಅವರು ಕಿಡಿಯ ಗಳಿಗೆ ತೋರಿಸುವ ಒಳ್ಳೆಯ ಟೈಮಿಂಗ್ ಲೈಟ್ ಕೊಳ್ಳಲಿ.